ಬಾವಿಗಳ ಅಧ್ಯಾಯದ ಖಾಲಿ ಹಾಳೆ

ಅಂಗಡಿಯ ಹಿಂದಿನ ಕೋಣೆ,
ಕತ್ತರಿಸುವ ಮೇಜು,
ಸೋಮವಾರ, ಹತ್ತೊಂಬತ್ತನೇ ತಾರೀಖು, ಬೆಳಿಗ್ಗೆ ಹನ್ನೊಂದು ಗಂಟೆ

ಸೂಜಿದಾರಗಳ ಒಡತಿ, ರಟ್ಟು ಮತ್ತು ಗೋಂದುಗಳ ಮಹಾರಾಣಿ, ಈ ಬೀದಿಯ ಸಮಸ್ತ ಹರಿದ ಪುಸ್ತಕಗಳ ತಾಯಿಯಾದ ನನ್ನ ಪ್ರೀತಿಯ ಅಜ್ಜಿಯ ಸನ್ನಿಧಾನಕ್ಕೆ ನಿನ್ನ ಕೋತಿ ತಲೆಬಾಗಿ ಮಾಡುವ ನಮಸ್ಕಾರಗಳು.

ಮೊದಲು ನಿನ್ನ ಆರೋಗ್ಯ. ಮಂಡಿ ಹೇಗಿದೆ? ಚಿಕ್ಕಮ್ಮನ ಮನೆ ಮೂರನೇ ಮಹಡಿ, ಲಿಫ್ಟ್ ಇದ್ದರೂ ಅದು ಬರೀ ನೋಡುವುದಕ್ಕೆ ಎಂದು ನೀನು ಬರೆದಿದ್ದೆ. ದಿನಕ್ಕೆ ಒಂದೇ ಸಲ ಇಳಿ, ಒಂದೇ ಸಲ ಹತ್ತು. ಹೊಸ ಕನ್ನಡಕ ಹೊಂದಿಕೊಂಡಿತೇ, ಇಲ್ಲ ಅದನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಿದ್ದೀಯಾ? ಚಿಕ್ಕಮ್ಮನ ಮಗುವಿಗೆ ನಿನ್ನ ಮೂಗೇ ಬಂದಿದೆಯಂತೆ. ಪಾಪ, ಹುಟ್ಟಿ ಇನ್ನೂ ಆರು ವಾರ, ಆಗಲೇ ಇಂಥ ಕಷ್ಟ. ಫೋನ್ ಇರುವಾಗ ಇದ್ಯಾಕೆ ಕಾಗದ ಬರೆಯುತ್ತಿದ್ದಾಳೆ ಎಂದು ನೀನು ಅಂದುಕೊಳ್ಳುತ್ತಿರಬಹುದು. ಫೋನಿನಲ್ಲಾದರೆ ನೀನು ಸುಮ್ಮನಾಗುವುದು ನನಗೆ ಕೇಳಿಸುತ್ತದೆ ಅಜ್ಜಿ. ಕಾಗದದಲ್ಲಿ ಕೇಳಿಸುವುದಿಲ್ಲ.

ಅಂಗಡಿ ನಿಂತಿದೆ, ಬಿದ್ದಿಲ್ಲ. ಶಾಲೆಯ ಹಾಜರಿ ಪುಸ್ತಕಗಳನ್ನು ಹನ್ನೊಂದನ್ನೂ ಹೊಲಿದು, ಬೆನ್ನಿಗೆ ಬಟ್ಟೆ ಅಂಟಿಸಿ, ಭಾರ ಹೇರಿ ಇಟ್ಟಿದ್ದೇನೆ. ಮೈದಾ ಅಂಟಿಗೆ ಮೈಲುತುತ್ತ ಹಾಕುವುದನ್ನು ಒಂದೇ ಒಂದು ದಿನ ಮರೆತೆ, ಮಾರನೆಯ ಬೆಳಿಗ್ಗೆ ಇರುವೆಗಳು ಸಾಲುಗಟ್ಟಿ ಬಂದು ಸಭೆ ಸೇರಿದ್ದವು. ಅಮ್ಮ ಆಫೀಸಿಗೆ ಹೊರಟವಳು ಇಣುಕಿ ನೋಡಿ, 'ಅಜ್ಜಿ ಊರಲ್ಲಿಲ್ಲ ಅಂತ ಇವಕ್ಕೂ ಗೊತ್ತಾಯ್ತಾ' ಎಂದಳು. ಪಕ್ಕದ ಅಚ್ಚುಮನೆಯ ಮೊಳೆ ಮಾಮ ನಿನ್ನನ್ನು ದಿನಾ ಕೇಳುತ್ತಾನೆ. ಅವನ ಜೇಬಿನಲ್ಲಿ ಈಗಲೂ ಸೀಸದ ಅಚ್ಚುಮೊಳೆಗಳು ಕಿಣಿಕಿಣಿ ಅನ್ನುತ್ತವೆ, ಮಧ್ಯಾಹ್ನ ಈಗಲೂ ಕುರ್ಚಿಯಲ್ಲೇ ಬಾಯಿ ತೆರೆದು ನಿದ್ದೆ ಹೊಡೆಯುತ್ತಾನೆ. ಈ ನಿದ್ದೆಯ ವಿಚಾರ ಮುಂದೆ ಬರುತ್ತದೆ, ನೆನಪಿಟ್ಟುಕೊ.

ಈಗ ವಿಷಯಕ್ಕೆ ಬರುತ್ತೇನೆ. ಬರುತ್ತೇನೆ ಎಂದು ಬರೆದು ಎದ್ದು ಹೋಗಿ ಕತ್ತರಿಗೆ ಎಣ್ಣೆ ಬಿಟ್ಟು ಬಂದೆ. ಈಗ ನಿಜವಾಗಿ ಬರುತ್ತೇನೆ. ನಾನೊಂದು ಕೆಲಸ ಮಾಡಿದ್ದೇನೆ. ಇದನ್ನು ಓದುವಾಗ ಮಗು ನಿನ್ನ ಮಡಿಲಲ್ಲಿದ್ದರೆ ದಯವಿಟ್ಟು ಚಿಕ್ಕಮ್ಮನ ಕೈಗೆ ಕೊಡು.

ಸಿಸ್ಟರಮ್ಮ ನೆನಪಿದ್ದಾರೆ ತಾನೇ? ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು. ನನಗೆ ನಾಲ್ಕು ವರ್ಷವಿದ್ದಾಗ ಅವರು ಚುಚ್ಚಿದ ಸೂಜಿಗೆ ಪ್ರತೀಕಾರವಾಗಿ ನಾನು ಅವರ ಕೈ ಕಚ್ಚಿದ್ದೆ, ನೀನು ಇವತ್ತಿಗೂ ಅದನ್ನು ಬಂದವರಿಗೆಲ್ಲ ಹೇಳುತ್ತೀಯ. ಅವರ ಗಂಡ ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಒಂದು ದಿನವೂ ಪ್ರಾರ್ಥನಾ ಮನೆಯ ಕಡೆ ತಲೆ ಹಾಕಿದವರಲ್ಲ. ಯಾರಾದರೂ ಕೇಳಿದರೆ, 'ಹನ್ನೆರಡನೇ ಮಹಡಿ ತನಕ ನಂಗೊತ್ತು ಸ್ವಾಮಿ, ಅದರ ಮೇಲಿಂದು ನಮ್ಮ ಕಂಪನಿಗೆ ಬರಲ್ಲ' ಎನ್ನುತ್ತಿದ್ದರು. ಏಳು ತಿಂಗಳ ಹಿಂದೆ ತೀರಿಕೊಂಡರು. ನೀನು ಚಿಕ್ಕಮ್ಮನ ಊರಿಗೆ ಹೊರಟ ಮಾರನೆಯ ದಿನವೇ ಸಿಸ್ಟರಮ್ಮ ಪ್ರಾರ್ಥನಾ ಮನೆಯಲ್ಲಿ ಓದುವ, ತಮ್ಮ ತಾಯಿಯ ಕಾಲದ ಧರ್ಮಗ್ರಂಥವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದರು. ಬೆನ್ನು ಮುರಿದಿತ್ತು, ಹೊಲಿಗೆ ಸಡಿಲವಾಗಿತ್ತು, ಬಾವಿಗಳ ಅಧ್ಯಾಯದಲ್ಲಿ ಒಂದು ಹಾಳೆ ಇರಲಿಲ್ಲ. ಅದು ಅವರ ತಾಯಿಯ ಕಾಲದಿಂದಲೇ ಇರಲಿಲ್ಲವಂತೆ. ಆ ಅಧ್ಯಾಯವನ್ನು ಯಾರೂ ಓದುವುದೂ ಇಲ್ಲ. ಇಂಥವನು ಇಂಥ ಕಡೆ ಬಾವಿ ತೋಡಿದನು, ನೀರು ಇಷ್ಟು ಮೊಳದಲ್ಲಿ ಸಿಕ್ಕಿತು, ಅದಕ್ಕೆ ಇಂಥ ಹೆಸರಿಟ್ಟನು, ಇಷ್ಟೇ. ಒಂಬತ್ತು ಬಾವಿ ಮುಗಿದು ಹತ್ತನೆಯದು ಅಗೆಯುತ್ತಿರುವಾಗ ಹಾಳೆ ಹೋಗಿದೆ.

ಇಂಥ ಕಡೆ ಏನು ಮಾಡಬೇಕು ಎಂಬ ನಿನ್ನ ಕಾನೂನು ನನಗೆ ಗೊತ್ತಿಲ್ಲದ್ದಲ್ಲ. ಹೋದ ಹಾಳೆಯ ಜಾಗಕ್ಕೆ ಅದೇ ಅಳತೆಯ, ಅದೇ ದಪ್ಪದ ಒಂದು ಖಾಲಿ ಹಾಳೆಯನ್ನು ಸೇರಿಸಿ ಹೊಲಿಯಬೇಕು. ಬೇರೆ ಪ್ರತಿ ನೋಡಿ ಬರೆದು ಸೇರಿಸಿದರೆ ಏನು ತಪ್ಪು ಎಂದು ನಾನು ಕೇಳಿದ್ದಕ್ಕೆ ನೀನು, 'ಅದು ಆ ಪುಸ್ತಕದ ಹಾಳೆ ಅಲ್ವಲ್ಲ. ಇಲ್ಲದ್ದು ಇಲ್ಲ ಅಂತ ಕಾಣ್ಬೇಕು, ಅದೂ ನಮ್ಮ ಕೆಲಸಾನೇ' ಎಂದಿದ್ದೆ. ನನಗೆ ಆಗ ಅದು ಸೋಮಾರಿತನಕ್ಕೆ ಹಾಕಿದ ಒಳ್ಳೆಯ ರಟ್ಟಿನಂತೆ ಕಂಡಿತ್ತು.

ಅಂಗಡಿಯಲ್ಲಿ ನೀನಿಲ್ಲ. ಮೊಳೆ ಮಾಮ ನಿದ್ದೆಯಲ್ಲಿದ್ದಾನೆ. ಅವನ ಹಳೆಯ ಮೊಳೆಪೆಟ್ಟಿಗೆಯಲ್ಲಿ ಆ ಗ್ರಂಥದ ಅಕ್ಷರದ್ದೇ ಜಾತಿಯ ಅಕ್ಷರಗಳಿವೆ. ಇಷ್ಟು ಸಾಮಗ್ರಿ ಒಟ್ಟಿಗೆ ಸಿಕ್ಕಿದ ಮೇಲೆ ನಾನು ಸುಮ್ಮನಿರುವವಳಾ? ಹೋದ ಹಾಳೆಯನ್ನು ನಾನೇ ರಚಿಸಿ, ಅಚ್ಚು ಹಾಕಿ, ಚಹಾದ ನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ, ನೀನು ಬಂದಾಗ ಗಂಭೀರವಾಗಿ ಮುಂದಿಟ್ಟು, ನಿನ್ನ ಮುಖ ನೋಡಬೇಕೆಂದು ಆಸೆಪಟ್ಟೆ. ನಕಲು ಚೆನ್ನಾಗಿ ಬರಬೇಕಲ್ಲ, ಅದಕ್ಕಾಗಿ ಗ್ರಂಥವನ್ನು ಮೊದಲ ಪುಟದಿಂದ ಓದಿದೆ. ಹತ್ತು ದಿನ. ಭಕ್ತರು ಇಷ್ಟು ಓದಿರುತ್ತಾರೋ ಇಲ್ಲವೋ, ಕಳ್ಳಿ ಓದಿದಳು. ಆ ಪುಸ್ತಕದಲ್ಲಿ ಎಲ್ಲರೂ ಎಲ್ಲವನ್ನೂ ಖಚಿತವಾಗಿ ತಿಳಿದುಕೊಂಡು ಎತ್ತರದ ಕಲ್ಲಿನ ಮೇಲೆ ನಿಂತು ಮಾತಾಡುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಹಾಗಿಲ್ಲ ಅಜ್ಜಿ. ಒಬ್ಬ ನೇಕಾರ ಇದ್ದಾನೆ, ಮಗ ಸತ್ತಿದ್ದಾನೆ, ಒಂದು ಇಡೀ ಅಧ್ಯಾಯ ಅವನು ದೇವರನ್ನು ಏಕೆ ಏಕೆ ಎಂದು ಕೇಳುತ್ತಾನೆ. ಉತ್ತರ ಬರುವುದಿಲ್ಲ. ಅವನಿಗೆ ಶಿಕ್ಷೆಯೂ ಆಗುವುದಿಲ್ಲ. ಮಗ್ಗದ ಮುಂದೆ ಹೋಗಿ ಕೂತನು ಎಂದು ಅಧ್ಯಾಯ ಮುಗಿಯುತ್ತದೆ. ಅದನ್ನು ಎರಡು ಸಲ ಓದಿದೆ. ಅಲ್ಲಿಗೇ ಪುಸ್ತಕ ಮುಚ್ಚಿ ಖಾಲಿ ಹಾಳೆ ತೆಗೆದುಕೊಂಡಿದ್ದರೆ ಈ ಕಾಗದ ಬರೆಯಬೇಕಾಗಿರಲಿಲ್ಲ. ನಾನು ಮೊಳೆ ಜೋಡಿಸಲು ಎದ್ದೆ.

ನಾನು ರಚಿಸಿದ ಪವಿತ್ರ ವಾಕ್ಯಗಳು ಹೀಗಿವೆ. 'ಯಾರ ಹಗ್ಗವು ಗಿಡ್ಡವೋ ಅವನು ಬಾವಿಯನ್ನು ಬೈಯದಿರಲಿ. ಕಪ್ಪೆಯನ್ನು ಸಾಕ್ಷಿಗೆ ಕರೆಯದಿರಲಿ, ಏಕೆಂದರೆ ಅದು ಎಲ್ಲದಕ್ಕೂ ಒಂದೇ ಮಾತು ಹೇಳುವುದು.' ಇಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಮುಂದುವರಿಸಿದೆ. 'ಆಗ ಕೊನೆಯ ಮನೆಯ ಮುದುಕಿಯು ಎದ್ದು ಹತ್ತನೆಯ ಬಾವಿಯ ಬಳಿಗೆ ಹೋಗಿ, ಒಡೆಯನೇ, ಸತ್ತವರು ಎಲ್ಲಿಗೆ ಹೋಗುವರು ಎಂದು ಕೂಗಿ ಕೇಳಿದಳು. ಒಡೆಯನು ಮೂರು ದಿನ ಮೌನವಾಗಿದ್ದನು. ನಾಲ್ಕನೆಯ ದಿನ ಬಾವಿಯೊಳಗಿಂದ ಧ್ವನಿಯು ಬಂದು, ಗೊತ್ತಿಲ್ಲ ಮಗಳೇ, ನೀನು ಮೊದಲು ಊಟ ಮಾಡು ಎಂದಿತು. ಮುದುಕಿಯು ಮನೆಗೆ ಹೋಗಿ ಕೂತು ಊಟ ಮಾಡಿದಳು.' ಹಾಳೆಯ ಒಂದು ಬದಿ ತುಂಬಿತು. ಅಷ್ಟರಲ್ಲಿ ಮೊಳೆ ಮಾಮ ಕೆಮ್ಮಿ ಎಚ್ಚರವಾದದ್ದರಿಂದ ಇನ್ನೊಂದು ಬದಿಯನ್ನು ಹಾಗೇ ಬಿಟ್ಟೆ. ಹಾಳೆಯನ್ನು ಅದರ ಜಾಗಕ್ಕೆ ಹೊಲಿದೆ. ಹೊಲಿಗೆ ಮಾತ್ರ ಚೆನ್ನಾಗಿತ್ತು, ನೀನೇ ಮೆಚ್ಚುತ್ತಿದ್ದೆ.

ನೀನು ಬರುವ ತನಕ ಇಟ್ಟುಕೊಂಡು, ತೋರಿಸಿ ನಕ್ಕು, ಅದನ್ನು ಬಿಚ್ಚಿ ಖಾಲಿ ಹಾಳೆ ಹಾಕಿ ಕೊಡುವುದೆಂದು ನನ್ನ ಲೆಕ್ಕವಾಗಿತ್ತು. ಆದರೆ ನಾನು ದಾರ ತರಲು ಹೋಗಿದ್ದಾಗ ಸಿಸ್ಟರಮ್ಮ ಬಂದರು, ವಿಷಯ ತಿಳಿಯದ ಅಮ್ಮ ಪುಸ್ತಕವನ್ನು ಎತ್ತಿ ಕೊಟ್ಟುಬಿಟ್ಟಳು.

ಮೇಲಿನ ಪ್ಯಾರಾದ ಎರಡನೆಯ ವಾಕ್ಯ ಸುಳ್ಳು. ಅಳಿಸೋಣ ಎಂದುಕೊಂಡೆ, ಆದರೆ ನಾನು ಎಂಥವಳು ಎಂದು ನಿನಗೆ ಗೊತ್ತಾಗಲಿ, ಹಾಗೇ ಇರಲಿ. ಅಮ್ಮ ಆಫೀಸಿನಲ್ಲಿದ್ದಳು. ನಾನು ಅಂಗಡಿಯಲ್ಲೇ ಇದ್ದೆ. ಸಿಸ್ಟರಮ್ಮ ಪುಸ್ತಕವನ್ನು ಕೈಗೆ ತೆಗೆದುಕೊಂಡು, ಬೆನ್ನು ಸವರಿ, ಬಾವಿಗಳ ಅಧ್ಯಾಯ ತೆರೆದು, 'ಅರೆ, ಹಾಳೆ ಸಿಕ್ತಾ ಮರಿ' ಎಂದು ಕೇಳಿದರು. ಆಗ ಹೇಳಬಹುದಿತ್ತು. ನಗುತ್ತಾ ಹೇಳಿದ್ದರೂ ಅವರು ನಕ್ಕು ಕಿವಿ ಹಿಂಡಿ ಬಿಡುತ್ತಿದ್ದರು. ನಾನು ಎರಡೂ ಕೈ ಕಟ್ಟಿಕೊಂಡು, ಬಹಳ ವಿನಯದಿಂದ, 'ಸಿಕ್ಕಿತು ಸಿಸ್ಟರಮ್ಮ' ಎಂದೆ. ಒಳಗೊಳಗೇ ಕುಣಿಯುತ್ತಿದ್ದೆ. ಯಾರಿಗೂ ಗೊತ್ತಾಗುವುದಿಲ್ಲ, ಇವರೆಲ್ಲ ಇಷ್ಟೇ, ಗ್ರಂಥದ ದಪ್ಪ ನೋಡಿ ನಂಬುವವರು, ಎಂದು ನನಗೆ ನಾನೇ ಶಭಾಷ್ ಹೇಳಿಕೊಂಡೆ. ನಂಬದೇ ಇರುವುದನ್ನು ನಾನು ಒಂದು ಬುದ್ಧಿವಂತಿಕೆಯ ಪದಕದ ಹಾಗೆ ಎದೆಗೆ ಚುಚ್ಚಿಕೊಂಡು ತಿರುಗುತ್ತಿದ್ದೆನಲ್ಲ, ಅವತ್ತು ಅದನ್ನು ಸ್ವಲ್ಪ ಒರೆಸಿ ಹೊಳಪು ಮಾಡಿಕೊಂಡೆ.

ಎಂಟು ದಿನ ಕಳೆದ ಮೇಲೆ ಸಿಸ್ಟರಮ್ಮ ಅಂಗಡಿಗೆ ಬಂದು ನನ್ನನ್ನು ಊಟಕ್ಕೆ ಕರೆದರು. ಸಿಕ್ಕಿಬಿದ್ದೆ ಎಂದುಕೊಂಡೇ ಹೋದೆ. ಅವರ ಅಡುಗೆಮನೆ ಆಸ್ಪತ್ರೆಯ ಔಷಧಿ ಕೋಣೆಯ ಹಾಗಿದೆ ಅಜ್ಜಿ, ಪ್ರತಿ ಡಬ್ಬಕ್ಕೂ ಒಂದು ಚೀಟಿ. ಮೇಜಿಗೆ ಎರಡು ಕುರ್ಚಿ. ಒಂದರ ಬೆನ್ನಿಗೆ ಯಜಮಾನರ ಕೆಲಸದ ಕೋಟು ಇನ್ನೂ ತೂಗುತ್ತಿತ್ತು, ಜೇಬಿನಲ್ಲಿ ಸ್ಕ್ರೂಡ್ರೈವರ್ ಹಾಗೇ ಇತ್ತು. ನನ್ನನ್ನು ಅದರಲ್ಲೇ ಕೂರಿಸಿದರು. ಬಡಿಸಿ, ತಾವೂ ಕೂತು, ಹೇಳಿದರು. ಗಂಡ ಹೋದ ಮೂರನೇ ದಿನ ಪ್ರಾರ್ಥನಾ ಮನೆಯ ಬೋಧಕರು ಬಂದು, ನಂಬದೇ ಹೋದವರ ಗತಿ ಏನು ಎಂಬುದನ್ನು ಅಧ್ಯಾಯ, ವಾಕ್ಯದ ಸಮೇತ ವಿವರಿಸಿದರಂತೆ. ಅವರು ಕೆಟ್ಟವರಲ್ಲ, ಕೇಳಿದ್ದಕ್ಕೆ ಹೇಳಿದರು. 'ಅವತ್ತಿಂದ ಈ ಕುರ್ಚಿ ನೋಡ್ತಾ ಕೂತ್ಕೊಂಡು ತಿನ್ನೋಕೆ ಆಗ್ತಿರ್ಲಿಲ್ಲ ಮರಿ. ಅವರು ಎಲ್ಲಿದಾರೋ, ಹೆಂಗಿದಾರೋ, ನಾನಿಲ್ಲಿ ಕೂತು ತಟ್ಟೆ ಹಾಕ್ಕೊಂಡ್ರೆ ಹೆಂಗೆ. ಒಲೆ ಮುಂದೆ ನಿಂತ್ಕೊಂಡು ಪಾತ್ರೆಯಿಂದಾನೇ ನಾಲ್ಕು ತುತ್ತು. ಏಳು ತಿಂಗಳು. ಮೊನ್ನೆ ನೀನು ಹೊಲ್ದುಕೊಟ್ಟ ಹಾಳೆ ಓದ್ದೆ. ದೇವರೇ ಗೊತ್ತಿಲ್ಲ ಅಂದ್ಮೇಲೆ ಬೋಧಕರಿಗೆ ಹೆಂಗೆ ಗೊತ್ತಾಯ್ತು ಅಂತ ನಗು ಬಂತು. ಎದ್ದು ತಟ್ಟೆ ತೊಳ್ಕೊಂಡು ಬಂದು ಕೂತೆ.'

ಹೇಳಲೆಂದು ಬಾಯಿ ತೆರೆದೆ, ಇನ್ನೊಂದು ಚೂರು ಬೇಕೇನೋ ಎಂದುಕೊಂಡು ಅವರು ಬಡಿಸಿದರು. ತಿಂದೆ. ಮತ್ತೆ ಬಾಯಿ ತೆರೆದೆ, ಮತ್ತೆ ಬಡಿಸಿದರು. ಅವತ್ತು ನಾನು ಮೂರು ಸಲ ಸತ್ಯ ಹೇಳಲು ಹೋಗಿ ಮೂರು ಆಳಿನ ಊಟ ಮಾಡಿ ಬಂದೆ. ಬಾಗಿಲಲ್ಲಿ ಅವರು, 'ಶನಿವಾರ ಪ್ರಾರ್ಥನಾ ಮನೇಲಿ ಓದೋ ಪಾಳಿ ನಂದು. ಇದನ್ನೇ ಓದ್ತೀನಿ. ನನ್ನ ಹಾಗೆ ಇನ್ಯಾರಿಗಾದ್ರೂ ಬೇಕಾಗಿರ್ಬಹುದು' ಎಂದರು. ನಿನಗೆ ಗೊತ್ತಲ್ಲ, ವಾರವಾರವೂ ಒಬ್ಬರು ತಮಗಿಷ್ಟವಾದ ಭಾಗ ಓದುತ್ತಾರೆ, ಬೋಧಕರು ತಮ್ಮ ಪ್ರತಿಯಲ್ಲಿ ಬೆರಳಿಟ್ಟು ಸಾಲುಸಾಲೇ ನೋಡುತ್ತಿರುತ್ತಾರೆ. ಒಂದು ಅಕ್ಷರ ತಪ್ಪಿದರೆ ಕೆಮ್ಮುತ್ತಾರೆ. ಇಡೀ ಸಭೆಯ ಮುಂದೆ ಆ ಹೆಂಗಸು ಗಿಡ್ಡ ಹಗ್ಗ, ಕಪ್ಪೆಯ ಸಾಕ್ಷಿ ಎಂದು ಓದುತ್ತಾ ನಿಂತಿರುವುದು ನನ್ನ ಕಣ್ಣಿಗೆ ಕಟ್ಟಿತು.

ಬಾವಿಯೊಳಗಿನ ಧ್ವನಿ ಆಡಿದ ಆ ಮಾತು ಯಾರದು ಎಂದು ನಿನಗೆ ಇಷ್ಟು ಹೊತ್ತಿಗೆ ತಿಳಿದಿರಬೇಕು. ತಾತ ತೀರಿಕೊಂಡಾಗ ನನಗೆ ಹತ್ತು ವರ್ಷ. ಮನೆಯ ತುಂಬ ಜನ, ನಾನು ಅಂಗಡಿಯಲ್ಲಿ ಅಂಟಿನ ಡಬ್ಬಗಳ ಹಿಂದೆ ಅವಿತು ಕೂತಿದ್ದೆ. ನೀನು ಹುಡುಕಿಕೊಂಡು ಬಂದೆ, ಹೇಗೂ ಬಂದೆನಲ್ಲ ಎನ್ನುವ ಹಾಗೆ ಅರ್ಧಕ್ಕೆ ನಿಂತಿದ್ದ ಪುಸ್ತಕ ಎತ್ತಿಕೊಂಡು ಹೊಲಿಯಲು ಕೂತೆ. ತಾತ ಎಲ್ಲಿಗೆ ಹೋದರು ಎಂದು ನಾನು ಕೇಳಿದೆ. ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವವಳು ನೀನು, ಏನೋ ಒಂದು ಊರಿನ ಹೆಸರು ಹೇಳುತ್ತೀಯ ಎಂದುಕೊಂಡಿದ್ದೆ. ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡು, ದಾರಕ್ಕೆ ಮೇಣ ಸವರುತ್ತಾ ನೀನು, 'ಗೊತ್ತಿಲ್ಲ ಕಣೇ. ನೀನು ಮೊದ್ಲು ಊಟ ಮಾಡು' ಎಂದೆ. ಆಮೇಲೆ ನಾನು ಅದನ್ನು ಏನು ಮಾಡಿದೆ? ಐಟಮ್ ಮಾಡಿಕೊಂಡೆ. ನೆಂಟರು ಸೇರಿದಾಗಲೆಲ್ಲ ತುಟಿ ಬಿಗಿಹಿಡಿದು, ಕನ್ನಡಕ ಜಾರಿಸಿಕೊಂಡು, ಗೊತ್ತಿಲ್ಲ ಕಣೇ ಎಂದು ನಿನ್ನ ನಟನೆ ಮಾಡಿ ತೋರಿಸುತ್ತಿದ್ದೆ. ಎಲ್ಲರೂ ಬಿದ್ದುಬಿದ್ದು ನಗುತ್ತಿದ್ದರು, ನೀನೂ ನಗುತ್ತಿದ್ದೆ. ಚಿಕ್ಕಮ್ಮನ ಮದುವೆಯ ದಿನ ಮಾತ್ರ ನೀನು ನಗುತ್ತಲೇ ಎದ್ದು ಒಳಗೆ ಹೋದೆ. ನಾನು ನೋಡಿದೆ. ನೋಡಿಯೂ ಎರಡನೇ ಸಲ ಮಾಡಿ ತೋರಿಸಿದೆ, ಯಾರೋ ಕೇಳಿದರು ಎಂದು. ಅದೇ ಮಾತನ್ನು ಈಗ ಕದ್ದು ದೇವರ ಬಾಯಿಗೆ ತುರುಕಿದ್ದೇನೆ. ನನಗೆ ಅದಕ್ಕಿಂತ ತಮಾಷೆಯಾದದ್ದು ಇನ್ನೇನೂ ಹೊಳೆಯಲಿಲ್ಲ.

ಗುರುವಾರ ಪ್ರಾರ್ಥನಾ ಮನೆಗೆ ಹೋಗಿ, ಗ್ರಂಥದ ರಟ್ಟಿನ ಅಳತೆಯ ನೆಪ ಹೇಳಿ, ಬೋಧಕರ ಪ್ರತಿಯಲ್ಲಿ ಆ ಹಾಳೆ ನೋಡಿ ಬಂದೆ. ಸತ್ತವರ ಬಗ್ಗೆ ಏನಾದರೂ ಇದ್ದರೆ, ಒಂದು ಸಾಲಾದರೂ ಇದ್ದರೆ, ಅದನ್ನು ಹಿಡಿದುಕೊಂಡು ಸಿಸ್ಟರಮ್ಮನ ಬಳಿ ಹೋಗಬಹುದಲ್ಲ ಎಂಬ ಆಸೆ. ಏನಿತ್ತು ಗೊತ್ತಾ? ಹತ್ತನೆಯ ಬಾವಿಯಿಂದ ಹದಿನೇಳನೆಯ ಬಾವಿಯವರೆಗೆ, ತೋಡಿದವರ ಹೆಸರು ಮತ್ತು ಮೊಳದ ಲೆಕ್ಕ. ಹದಿನಾಲ್ಕನೆಯದರಲ್ಲಿ ನೀರು ಸಿಗಲಿಲ್ಲವಂತೆ, ಆದರೂ ಹೆಸರಿಟ್ಟಿದ್ದಾರೆ. ಬೀದಿಯಲ್ಲಿ ನಿಂತು ಯೋಚಿಸಿದೆ: ಬೋಧಕರು ಗೊತ್ತಿಲ್ಲದ ಕಡೆ ಖಚಿತವಾಗಿ ಹೇಳಿದರು, ನಾನು ಇಲ್ಲದ ಕಡೆ ಖಚಿತವಾಗಿ ಅಚ್ಚು ಹಾಕಿದೆ, ಖಾಲಿ ಹಾಳೆ ನೋಡಿದರೆ ಇಬ್ಬರಿಗೂ ಕೈ ತುರಿಸುತ್ತದೆ. ನೋಡು, ನನ್ನ ತಪ್ಪಿನಲ್ಲೂ ಬೋಧಕರಿಗೆ ಪಾಲು ಹಂಚುತ್ತಿದ್ದೇನೆ. ಅವರು ನಂಬಿ ಹೇಳಿದರು. ನಾನು ನಗಲು ಹೇಳಿದೆ. ಎರಡೂ ಒಂದೇ ಅಲ್ಲ.

ಶುಕ್ರವಾರ ಮಧ್ಯಾಹ್ನ ಸಿಸ್ಟರಮ್ಮನ ಮನೆಗೆ ಹೋದೆ. ಅವರು ಆಗತಾನೇ ತಟ್ಟೆಗೆ ಬಡಿಸಿಕೊಂಡು ಕೂತಿದ್ದರು. ಈ ಸಲ ಕುರ್ಚಿಯಲ್ಲಿ ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ, ಮೊಳೆಪೆಟ್ಟಿಗೆಯಿಂದ ಹಿಡಿದು ಚಹಾದ ನೀರಿನವರೆಗೆ. ಅವರು ಅರ್ಧ ಹೊತ್ತು ನನ್ನ ಮಾತು ಅರ್ಥವಾಗದವರ ಹಾಗೆ ನಗುಮುಖದಲ್ಲೇ ಇದ್ದರು. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. 'ಹಾಳೆ ಸಿಕ್ತಾ ಅಂತ ಕೇಳ್ದಾಗ ಸಿಕ್ತು ಅಂದ್ಯಲ್ಲ' ಎಂದರು. ಹೂಂ ಎಂದೆ. 'ನಿಜಕ್ಕೆ ಬರ್ದ್ಯಾ, ನಗೋಕೆ ಬರ್ದ್ಯಾ?' ಅಜ್ಜಿ, ಆ ಕ್ಷಣಕ್ಕೆ ನನ್ನ ಬಾಯಲ್ಲಿ ಎಷ್ಟು ಒಳ್ಳೆಯ ಉತ್ತರಗಳು ತಯಾರಾಗಿ ನಿಂತಿದ್ದವು ಗೊತ್ತಾ. ಆ ನೇಕಾರನ ಅಧ್ಯಾಯ ಓದಿ ಮನಸ್ಸು ಕಲಕಿತ್ತು ಎನ್ನಬಹುದಿತ್ತು. ತಾತ ನೆನಪಾದರು ಎನ್ನಬಹುದಿತ್ತು. ಅರ್ಧ ನಿಜವೂ ಆಗುತ್ತಿತ್ತು, ಅವರು ನನ್ನ ತಲೆ ಸವರುತ್ತಿದ್ದರು. 'ನಗೋಕೆ' ಎಂದೆ. ಅವರು ತಲೆ ಆಡಿಸಿ, 'ಹೋಗು ಈಗ. ನಾಳೆ ಬೆಳಿಗ್ಗೆ ಪುಸ್ತಕ ತರ್ತೀನಿ' ಎಂದರು. ಬಾಗಿಲು ದಾಟುವಾಗ ತಿರುಗಿ ನೋಡಬಾರದಿತ್ತು, ನೋಡಿದೆ. ಸಿಸ್ಟರಮ್ಮ ಎದ್ದು, ತಟ್ಟೆಯಲ್ಲಿದ್ದದ್ದನ್ನು ಪಾತ್ರೆಗೆ ಸುರಿದು, ಅದನ್ನು ಒಲೆಯ ಬಳಿಗೆ ಒಯ್ದು, ನಮ್ಮ ಕಡೆಗೆ ಬೆನ್ನು ಮಾಡಿ ನಿಂತರು. ನಮ್ಮ ಕಡೆಗೆ ಎಂದರೆ ನನ್ನ ಕಡೆಗೆ ಮತ್ತು ಆ ಕೋಟಿನ ಕಡೆಗೆ.

ಇಷ್ಟು ದಿನ ನನಗೆ ನಾಚಿಕೆ ಎಂದರೆ ಸಿಕ್ಕಿಬಿದ್ದಾಗ ಆಗುವಂಥದ್ದು, ಮುಖ ಕೆಂಪಾಗಿ ಹೋಗುವಂಥದ್ದು ಎಂದುಕೊಂಡಿದ್ದೆ. ಇದು ಹೋಗುತ್ತಿಲ್ಲ. ಅವರ ನಂಬಿಕೆಯನ್ನು ಆಡಿಕೊಂಡೆ ಎಂದಷ್ಟೇ ಅಲ್ಲ. ದೇವರಿಗೂ ಗೊತ್ತಿಲ್ಲದೇ ಇರಬಹುದು ಎಂಬ ಮಾತಿನ ಮೇಲೆ ಆ ಹೆಂಗಸು ನೆಮ್ಮದಿಯಾಗಿ ಕೂತಿದ್ದರು. ಅಷ್ಟು ಗಟ್ಟಿಯಾಗಿ ಅನುಮಾನದ ಮೇಲೆ ಕೂರುವುದು ಅನುಮಾನದ ಪದಕ ಹಾಕಿಕೊಂಡ ನನಗೇ ಬರುವುದಿಲ್ಲ. ನಾನು ಆ ಮಾತನ್ನು ಹೇಳಿ ಓಡಿಹೋಗುವವಳು.

ಶನಿವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವುದಕ್ಕೆ ಮೊದಲೇ ಅವರು ಮೆಟ್ಟಿಲ ಮೇಲಿದ್ದರು. ಪುಸ್ತಕವನ್ನು ಮೇಜಿನ ಮೇಲಿಟ್ಟು, ನೀನು ಕೂರುವ ಸ್ಟೂಲಿನ ಮೇಲೆ ಕೂತು, 'ಬಿಚ್ಚು' ಎಂದರು. ದಾರ ಕತ್ತರಿಸಿದೆ. ನನ್ನ ಹಾಳೆ ಹೊರಗೆ ಬಂತು. ಅದರ ಜಾಗಕ್ಕೆ ಒಂದು ಖಾಲಿ ಹಾಳೆಯನ್ನು ಅಳತೆ ನೋಡಿ ಕತ್ತರಿಸಿ, ಮಡಿಚಿ, ಹಾಳೆಗಳ ಕಟ್ಟಿನೊಳಗೆ ಸೇರಿಸಿ ಹೊಲಿದೆ. ಎರಡು ಸಲ ದಬ್ಬಣ ಜಾರಿತು. ಹೊಲಿಗೆ ಸೊಟ್ಟಗಿದೆ, ನೀನು ನೋಡಿದರೆ ಬಿಚ್ಚಿಸುತ್ತೀಯ. ಅವರು ಬಿಚ್ಚಿಸಲಿಲ್ಲ. ಅಂಟು ಒಣಗುವವರೆಗೂ ಕೂತಿದ್ದು ತೆಗೆದುಕೊಂಡು ಹೋದರು. ತೆಗೆದ ಹಾಳೆಯನ್ನು ಮುಟ್ಟಲೂ ಇಲ್ಲ.

ಸಂಜೆ ನಾನು ಪ್ರಾರ್ಥನಾ ಮನೆಗೆ ಹೋಗಿ ಕೊನೆಯ ಸಾಲಿನಲ್ಲಿ, ಕೊಡೆಗಳ ಪಕ್ಕ ಕೂತೆ. ನಗಬೇಡ. ಅವರ ಪಾಳಿ ಬಂತು. ಬೇರೆ ಏನನ್ನಾದರೂ ಓದುತ್ತಾರೆ ಎಂದುಕೊಂಡಿದ್ದೆ. ಬಾವಿಗಳ ಅಧ್ಯಾಯವನ್ನೇ ತೆರೆದರು. ಒಂಬತ್ತು ಬಾವಿಗಳನ್ನು ವಾರ್ಡಿನಲ್ಲಿ ರೋಗಿಗಳ ಹೆಸರು ಕೂಗುವ ದನಿಯಲ್ಲಿ ಓದಿದರು. ಪುಟ ತಿರುಗಿಸಿದರು. 'ಇಲ್ಲೊಂದು ಹಾಳೆ ಇಲ್ಲ' ಎಂದರು. ಹಾಗೆ ಹೇಳಿ, ಒಂದು ಹಾಳೆ ಓದಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಆ ಖಾಲಿ ಹಾಳೆಯನ್ನೇ ನೋಡುತ್ತಾ ನಿಂತರು. ಬೋಧಕರ ಬೆರಳು ಅವರ ಪ್ರತಿಯಲ್ಲಿ ಹತ್ತನೆಯ ಬಾವಿಯ ಮೇಲೆ ಕಾಯುತ್ತಿತ್ತು. ಅವರು ಕೆಮ್ಮಲಿಲ್ಲ. ನನಗೆ ಆ ಹೊತ್ತಿನಲ್ಲಿ ದೇವರು ಇದ್ದಾನೆ ಎಂದೂ ಅನ್ನಿಸಲಿಲ್ಲ, ಇಲ್ಲ ಎಂದೂ ಅನ್ನಿಸಲಿಲ್ಲ. ನಾನೇ ಹೊಲಿದ ಜಾಗ ಅದು ಎಂದು ಮಾತ್ರ ಅನ್ನಿಸಿತು. ಆಮೇಲೆ ಸಿಸ್ಟರಮ್ಮ ಪುಟ ತಿರುಗಿಸಿ ಹದಿನೆಂಟನೆಯ ಬಾವಿಯಿಂದ ಮುಂದುವರಿಸಿದರು. ಹೊರಗೆ ಬರುವಾಗ ನನ್ನ ಪಕ್ಕದಲ್ಲೇ ಹಾದು ಹೋದರು, ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

ನಿನ್ನ ಹೆಸರಿನಲ್ಲಿ ಇನ್ನು ಮುಂದೆ ಯಾರಿಗೂ ನಟನೆ ಮಾಡಿ ತೋರಿಸುವುದಿಲ್ಲ. ಇದು ಪ್ರತಿಜ್ಞೆ ಅಲ್ಲ, ನನ್ನ ಪ್ರತಿಜ್ಞೆಗಳ ಗತಿ ನಿನಗೆ ಗೊತ್ತು. ಆ ಐಟಮ್ ಮಾಡಲು ಈಗ ನನ್ನ ತುಟಿ ಹೊಂದುವುದಿಲ್ಲ, ಅಷ್ಟೇ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ, ಚಿಕ್ಕಪ್ಪನಿಗೆ ಲಿಫ್ಟ್ ಸರಿ ಮಾಡಿಸಲು ಹೇಳು, ನಿನ್ನ ಮೂಗಿನ ಮಗುವಿಗೆ ಎರಡು ಮುತ್ತು. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಬೈಯುವುದಿದ್ದರೆ ಪೂರ್ತಿ ಬೈದು ಬರೆ, ಅರ್ಧ ಬೈದು ಮಗು ಅತ್ತಿತು ಎಂದು ನಿಲ್ಲಿಸಬೇಡ. ನಿನ್ನ ಆಶೀರ್ವಾದ ಬೇಡುವ ಯೋಗ್ಯತೆ ಈ ವಾರ ಇಲ್ಲ, ಮುಂದಿನ ವಾರಕ್ಕೆ ಎತ್ತಿಟ್ಟಿರು.

ಇಂತಿ ನಿನ್ನ ಪಾದದ ಬಳಿ ಬಾಲ ಸುತ್ತಿಕೊಂಡು ಕೂತಿರುವ,
ಕೋತಿ

ಅಜ್ಜಿ, ಅಂಚೆಯವನು ಎದುರು ಅಂಗಡಿಗೆ ಬಂದಾಗಿದೆ, ಬೇಗ ಬರೆಯುತ್ತೇನೆ. ಒಂದು ಮಾತು ಬಿಟ್ಟಿದ್ದೆ, ಬೇಕೆಂದೇ ಬಿಟ್ಟಿದ್ದೆ. ಶನಿವಾರ ಬೆಳಿಗ್ಗೆ ಅಂಟು ಒಣಗುತ್ತಿದ್ದಾಗ, ಊಟ ಮಾಡು ಎಂದದ್ದು ನಾನಲ್ಲ, ನಮ್ಮಜ್ಜಿ, ತಾತ ಹೋದ ದಿನ, ಎಂದು ಸಿಸ್ಟರಮ್ಮನಿಗೆ ಹೇಳಿಬಿಟ್ಟೆ. ಅವರು ನಿನ್ನ ಸೂಜಿಪೆಟ್ಟಿಗೆಯ ಕಡೆ ತಿರುಗಿ, 'ನಿಮ್ಮಜ್ಜಿ ನಿಜಕ್ಕೆ ಹೇಳಿದ್ರಾ, ಮಗೂನ ಸುಮ್ಮನಾಗಿಸೋಕೆ ಹೇಳಿದ್ರಾ?' ಎಂದು ಕೇಳಿದರು. ಗೊತ್ತಿಲ್ಲ ಎಂದೆ. 'ಕೇಳಿ ಹೇಳು. ಕೂತು ತಿನ್ನೋದೋ ನಿಂತು ತಿನ್ನೋದೋ ಆಮೇಲೆ ನೋಡ್ಕೋತೀನಿ' ಎಂದರು. ಒಂಬತ್ತು ವರ್ಷದಲ್ಲಿ ನಾನು ನಿನ್ನನ್ನು ಇದನ್ನು ಒಮ್ಮೆಯೂ ಕೇಳಲಿಲ್ಲ. ಆ ಕೆಟ್ಟ ಹಾಳೆಯನ್ನು ಇದರ ಜೊತೆ ಮಡಿಚಿ ಇಟ್ಟಿದ್ದೇನೆ. ಹಿಂಬದಿ ಖಾಲಿ ಇದೆ. ಅದರ ಮೇಲೆ ಬರೆದು ಕಳಿಸು, ನಾನು ಓದದೆ ಹಾಗೇ ಅವರಿಗೆ ಕೊಡುತ್ತೇನೆ. ಅವತ್ತು ಯಾಕೆ ಹೇಳಿದೆ ಎಂದು ನಿನಗೇ ಈಗ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆ. ಆದರೆ ನಿನ್ನ ಕೈಯಲ್ಲೇ ಬರೆ.